ಮೇಲುಕೋಟೆ ರೈಡಿನಲ್ಲಿ ಹಿಂದೆ ಉಳಿದ ಗಾಡಿ: ಗುಂಪಲ್ಲಿ ಹೋಗೋದು ಹೇಗೆ ಅಂತ ಒಮ್ಮೆ ಮಾತಾಡೋಣ

ಮರೂನ್ ಟ್ಯಾಂಕ್, ಮೈಸೂರು
ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇವತ್ತಿನ ರೈಡಿನ ಫೋಟೋ ಹಾಕಿ ಅಂತ ಮಧ್ಯಾಹ್ನದಿಂದ ಎಂಟು ಜನ ಕೇಳಿದ್ದೀರಿ. ಹಾಕ್ತೀನಿ. ಅದಕ್ಕೆ ಮುಂಚೆ ಒಂದು ವಿಷಯ ಬರೀಬೇಕು. ಬರೀದೆ ಹೋದ್ರೆ ನನಗೆ ಇವತ್ತು ನಿದ್ದೆ ಬರಲ್ಲ.

ಬೆಳಗ್ಗೆ 6 ಗಂಟೆಗೆ ಯಾದವಗಿರಿಯಿಂದ ಜಾವಾ, ಯೆಜ್ಡಿ ಬೈಕು ಸೇರಿ 17 ಗಾಡಿ ಹೊರಟ್ವು. ಶ್ರೀರಂಗಪಟ್ಟಣ ದಾಟೋವರೆಗೂ ಒಟ್ಟಿಗೇ ಇದ್ವಿ. ಪಾಂಡವಪುರ ಆದಮೇಲೆ ರಸ್ತೆ ಖಾಲಿ ಸಿಕ್ತು. ಯೆಜ್ಡಿಯಲ್ಲೇ ಜೋರು ಮಾಡೆಲ್ ಆದ ನಾಲ್ಕೈದು ರೋಡ್‌ಕಿಂಗ್ ಮುಂದೆ ನುಗ್ಗಿದ್ವು, ಅವನ್ನ ನೋಡಿ ಮಧ್ಯದಲ್ಲಿದ್ದೋರೂ ಆಕ್ಸಿಲರೇಟರ್ ತಿರುವಿದ್ರು. ನಾನೂ ತಿರುವಿದೆ, ಅದನ್ನ ಮುಚ್ಚಿಡಲ್ಲ. ಮೇಲುಕೋಟೆ ಕಲ್ಯಾಣಿ ಹತ್ರ ಗಾಡಿ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು, ಪುಳಿಯೋಗರೆಗೆ ಹೇಳೋಣ ಅಂತ ತಲೆ ಎಣಿಸಿದ್ರೆ 16.

ಹಿರಿಯರ 1968ರ ಜಾವಾ ಇರಲಿಲ್ಲ. ಫೋನ್ ನೋಡಿದ್ರೆ ನಾಲ್ಕು ಮಿಸ್ಡ್ ಕಾಲ್. ವಾಪಸ್ ಹೋಗಿ ನೋಡೋ ಹೊತ್ತಿಗೆ ಜಕ್ಕನಹಳ್ಳಿಗಿಂತ ಸ್ವಲ್ಪ ಹಿಂದೆ, ಒಂದು ಹುಣಸೇಮರದ ಕೆಳಗೆ, ಪ್ಲಗ್ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಕೂತಿದ್ರು. ಎಪ್ಪತ್ತು ದಾಟಿದ ಮನುಷ್ಯ. 40 ನಿಮಿಷ ಒಬ್ಬರೇ. ನಮ್ಮ 16 ಜನದಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ನಾನು ಮಾತಾಡೋಕೆ ಮುಂಚೆ ಅವರೇ, "ನಿಮ್ಮೆಲ್ಲರದೂ ತಿಂಡಿ ಆಯ್ತೇನಪ್ಪಾ?" ಅಂತ ಕೇಳಿದ್ರು.

ಅವರ ಬದಲು ಬೇರೆ ಯಾರಾಗಿದ್ರೂ ನನಗೆ ಇಷ್ಟೇ ಬೇಜಾರಾಗ್ತಿತ್ತು. ನಾವು ಸೇರೋದು ಹಳೇ ಗಾಡಿಗೋಸ್ಕರ. ಎಲ್ಲಕ್ಕಿಂತ ಹಳೇ ಗಾಡಿಯನ್ನೇ ರಸ್ತೇಲಿ ಬಿಟ್ಟು ಬಂದ್ರೆ ಒಟ್ಟಿಗೆ ಹೊರಟಿದ್ದು ಯಾಕೆ? ಜುಲೈ ಎರಡನೇ ಭಾನುವಾರ ಜಾವಾ ದಿನ, ಅವತ್ತು ಇದರ ಎರಡರಷ್ಟು ಗಾಡಿ ಬರುತ್ತೆ. ಅದಕ್ಕೆ ಮುಂಚೆ ಒಂದು ತೀರ್ಮಾನಕ್ಕೆ ಬರೋಣ. ಎಲ್ಲರೂ ಹೇಳಿ.

ರೋಡ್‌ಕಿಂಗ್ 88
ಭಾನುವಾರ ರಾತ್ರಿ 10:15

ಅಣ್ಣ, ಮುಂದೆ ಹೋದವರಲ್ಲಿ ನಾನೇ ಮೊದಲನೆಯವನು. ಹಿರಿಯರಿಗೆ ಸಂಜೆ ಮನೆಗೇ ಹೋಗಿ ಕ್ಷಮೆ ಕೇಳಿ ಬಂದೆ. ಅವರ ಮನೇಲಿ ಕಾಫಿ ಕೊಟ್ಟರು, ಅದು ಇನ್ನೂ ಕಷ್ಟ ಆಯ್ತು ನನಗೆ.

ಆದ್ರೆ ನನ್ನ ಕಡೆ ಮಾತು ಒಂದಿದೆ. ನನ್ನ ಗಾಡಿ 45ರಲ್ಲಿ ತುಂಬ ಹೊತ್ತು ಓಡಿದ್ರೆ ಪ್ಲಗ್ ಕರೀಗಾಗಿ ಮಿಸ್ ಹೊಡೆಯುತ್ತೆ. ಹೋದ ತಿಂಗಳು ನಂಜನಗೂಡು ರೈಡಲ್ಲಿ ಎರಡು ಸಲ ನಿಲ್ಲಿಸಿ ಪ್ಲಗ್ ಉಜ್ಜಿದೆ. ಸ್ವಲ್ಪ ಎಳೆದರೆ ಕ್ಲೀನಾಗಿ ಓಡುತ್ತೆ. ಅದಕ್ಕೇ ಮುಂದೆ ಹೋಗಿಬಿಡ್ತೀನಿ. ಜಾವಾಗಳು ಒಂದು ಗುಂಪು, ರೋಡ್‌ಕಿಂಗ್ ಇನ್ನೊಂದು ಗುಂಪು ಅಂತ ಮಾಡಿದ್ರೆ ಇಬ್ಬರಿಗೂ ಅನುಕೂಲ ಅಲ್ವಾ? 12 ಹಾರ್ಸ್‌ಪವರ್ ಗಾಡಿಯನ್ನೂ 16 ಹಾರ್ಸ್‌ಪವರ್ ಗಾಡಿಯನ್ನೂ ಒಂದೇ ಹಗ್ಗಕ್ಕೆ ಕಟ್ಟೋದು ಕಷ್ಟ.

ಪಾಯಿಂಟ್ ಸೆಟ್ಟು
ಭಾನುವಾರ ರಾತ್ರಿ 11:02

ನಾನು 30 ವರ್ಷದಿಂದ ಈ ಗಾಡಿಗಳನ್ನೇ ಬಿಚ್ಚಿ ಜೋಡಿಸ್ತಿದ್ದೀನಿ. ತಮ್ಮಾ, ನಿನ್ನ ಮಾತು ಸುಳ್ಳಲ್ಲ, ಕಾರಣ ಮಾತ್ರ ಬೇರೆ. ರೋಡ್‌ಕಿಂಗ್ 45-50ರಲ್ಲಿ ಇಡೀ ದಿನ ಓಡಬೇಕು, ಓಡುತ್ತೆ. ಪ್ಲಗ್ ಕರೀಗಾಗುತ್ತೆ ಅಂದ್ರೆ ಮೂರರಲ್ಲಿ ಒಂದು: ಆಯಿಲ್ ಜಾಸ್ತಿ ಹಾಕ್ತಿದ್ದೀಯ, ಇಲ್ಲಾ ಕಾರ್ಬುರೇಟರ್ ಸೂಜಿ ಬೇಕಾದ್ದಕ್ಕಿಂತ ಒಂದು ಕಚ್ಚು ಮೇಲೆ ಕೂತಿದೆ, ಇಲ್ಲಾ ಏರ್ ಫಿಲ್ಟರ್ ಕಟ್ಟಿಕೊಂಡಿದೆ. ಬಂಕಲ್ಲಿ ಆಯಿಲ್ ಅಳೆದು ಹಾಕ್ತೀಯೋ, ಅಂದಾಜಿಗೆ ಸುರೀತೀಯೋ? ನಾನು ನನ್ನ ಗಿರಾಕಿಗಳಿಗೆ ಲೀಟರ್ ಪೆಟ್ರೋಲಿಗೆ 40 ಮಿಲಿ ಹೇಳ್ತೀನಿ, ಅಳತೆ ಮುಚ್ಚಳ ನಾನೇ ಕೊಡ್ತೀನಿ. ಈಗಿನ ಒಳ್ಳೇ 2ಟಿ (ಟೂ ಸ್ಟ್ರೋಕ್) ಆಯಿಲ್ ಆದ್ರೆ ಇನ್ನೂ ಸ್ವಲ್ಪ ಕಮ್ಮಿ ಹಾಕಿದ್ರೂ ನಡೆಯುತ್ತೆ. "ಇನ್ನೊಂದು ಚೂರು ಇರಲಿ, ಒಳ್ಳೇದು" ಅಂತ ಹಾಕೋ ಆ ಚೂರೇ ಪ್ಲಗ್ ಮೇಲೆ ಕೂರೋದು.

ಬುಧವಾರ ಅಂಗಡಿಗೆ ತಗೊಂಡು ಬಾ, ಸೂಜಿ ಒಂದು ಕಚ್ಚು ಇಳಿಸಿ ನೋಡೋಣ. ಆಮೇಲೆ ಎರಡು ಗುಂಪಿನ ಮಾತು ಬೇಕಾಗಲ್ಲ.

ಇನ್ನು ಹಿರಿಯರ ಗಾಡಿ. ಬಿಸಿ ಆದಮೇಲೆ ನಿಂತಿದೆ, ಅರ್ಧ ಗಂಟೆ ಆರಿದ ಮೇಲೆ ಒಂದೇ ಕಿಕ್‌ಗೆ ಎದ್ದಿದೆ ಅಂತ ಕೇಳಿದೆ. ಇದು ಕಂಡೆನ್ಸರ್, ಇಲ್ಲಾಂದ್ರೆ ಕಾಯಿಲ್, ಎರಡೂ ಪ್ಲಗ್ಗಿಗೆ ಕಿಡಿ ಕೊಡೋ ಭಾಗಗಳು. ಗೊತ್ತು ಮಾಡ್ಕೊಳ್ಳೋದು ಸುಲಭ. ಬಲಗಡೆ ಡೈನಮೋ ಕವರ್ ಬಿಚ್ಚಿ, ಗಾಡಿ ಓಡ್ತಿರುವಾಗ ಪಾಯಿಂಟ್ (ಕಿಡಿಗೆ ಕರೆಂಟ್ ಬಿಟ್ಟು ಕಡಿಯೋ ಸಣ್ಣ ಸ್ವಿಚ್) ನೋಡಿ, ನೆರಳಲ್ಲಿ ನೋಡಿದ್ರೆ ಚೆನ್ನಾಗಿ ಕಾಣುತ್ತೆ. ಸಣ್ಣದಾಗಿ ನೀಲಿ ಕಿಡಿ ಇದ್ರೆ ಸರಿ. ದೊಡ್ಡದಾಗಿ ಹಳದಿ ಕಿಡಿ ಚಟಪಟ ಅಂತಿದ್ರೆ ಕಂಡೆನ್ಸರ್ ಹೋಗಿದೆ. ಪಾಯಿಂಟ್ ಮುಖವೂ ಸುಟ್ಟು ಗುಳಿ ಬಿದ್ದಿರುತ್ತೆ. ಹೊಸ ಕಂಡೆನ್ಸರ್ ಹಾಕುವಾಗ ಪಾಯಿಂಟ್ ಉಜ್ಜಿ, ಗ್ಯಾಪ್ 0.4 ಮಿಲಿಮೀಟರ್‌ಗೆ ಕೂರಿಸಬೇಕು. ಕಾಗದ ಮಡಚಿ ಗ್ಯಾಪ್ ನೋಡೋ ಅಭ್ಯಾಸ ಇದ್ದೋರು ದಯವಿಟ್ಟು ಸಂದಿ ಅಳೆಯೋ ಫೀಲರ್ ಗೇಜ್ ಒಂದು ತಗೊಳ್ಳಿ.

ಘಾಟಿ ಸವಾರ, ಉಜಿರೆ
ಸೋಮವಾರ ಬೆಳಗ್ಗೆ 7:20

ನಮ್ಮಲ್ಲಿ ಚಾರ್ಮಾಡಿ ಇಳಿಯುವಾಗ ಇದೇ ಪಾಠ ಒಮ್ಮೆ ಆಗಿದೆ. ಬಯಲು ಸೀಮೆಯವರಿಗೆ ಒಂದು ವಿಷಯ ಹೇಳಬೇಕು, ಏಕೆಂದರೆ ಜಾವಾ ದಿನದ ಮರುವಾರ ನಿಮ್ಮವರು ಕೆಲವರು ಈ ಕಡೆ ಬರುತ್ತೇವೆ ಅಂದಿದ್ದಾರೆ.

ಕೊಟ್ಟಿಗೆಹಾರ ಬಿಟ್ಟ ಮೇಲೆ ಉದ್ದಕ್ಕೂ ಇಳಿಜಾರು. ಇಳಿಜಾರಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯುವ ಅಭ್ಯಾಸ ನಾಲ್ಕು ಸ್ಟ್ರೋಕಿನ ಗಾಡಿಯವರಿಗೆ ಉಂಟು. ನಮ್ಮ ಟೂ ಸ್ಟ್ರೋಕ್ ಗಾಡಿಯಲ್ಲಿ ಹಾಗೆ ಮಾಡಬಾರದು ಮಾರಾಯ್ರೆ. ಇಲ್ಲಿ ಪಿಸ್ಟನ್‌ಗೆ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆ. ಆಕ್ಸಿಲರೇಟರ್ ಮುಚ್ಚಿದರೆ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ, ಎಂಜಿನ್ ಮಾತ್ರ ಚಕ್ರದ ವೇಗಕ್ಕೆ ತಿರುಗುತ್ತಾ ಇರುತ್ತದೆ. ಮೂರು ನಾಲ್ಕು ತಿರುವಿಗೊಮ್ಮೆ ಕ್ಲಚ್ ಹಿಡಿದು ಒಂದು ಸಲ ರೇಸ್ ಕೊಡಿ, ಎಣ್ಣೆ ಇಳಿಯಲಿ. ಒಬ್ಬರದು ಹೀಗೆಯೇ ಪಿಸ್ಟನ್ ಜಾಮ್ ಆಗಿ ಹಿಂದಿನ ಚಕ್ರ ಲಾಕ್ ಆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹತ್ತಿರದಲ್ಲಿ ಯಾರೂ ಇರಲಿಲ್ಲ, ಪುಣ್ಯ.

ಇನ್ನೊಂದು ಬ್ರೇಕಿನ ವಿಷಯ. ಟೂ ಸ್ಟ್ರೋಕಿಗೆ ಎಂಜಿನ್ ಹಿಡಿತ ಕಡಿಮೆ, ಕೆಲಸವೆಲ್ಲ ಡ್ರಮ್ ಬ್ರೇಕಿನದ್ದೇ. ಅದು ಬಿಸಿಯಾದರೆ ಹಿಡಿಯುವುದಿಲ್ಲ. ಹಾಗಾಗಿ ಘಾಟಿಯಲ್ಲಿ ಒಂದರ ಹಿಂದೆ ಒಂದು ಅಂಟಿಕೊಂಡು ಬರುವ ಮೆರವಣಿಗೆ ಬೇಡವೇ ಬೇಡ. ಫೋಟೋಕ್ಕೆ ಚಂದ ಕಾಣುತ್ತದೆ ಅಷ್ಟೇ. ಈಗಿನ ಹೊಸ ಜಾವಾ, ಹೊಸ ಯೆಜ್ಡಿ ತರುವವರು ಹಳೆಯ ಗಾಡಿಯ ಮುಂದೆ ಹೋಗಬಾರದು, ಹಿಂದೆ ಬರಬೇಕು. ಅವರದು ಡಿಸ್ಕ್ ಬ್ರೇಕು. ಅವರು ಗಕ್ಕನೆ ನಿಂತರೆ ಹಿಂದಿರುವ 60ರ ದಶಕದ ಡ್ರಮ್ಮು ನಿಲ್ಲುವುದು ಅವರ ನಂಬರ್ ಪ್ಲೇಟಿನ ಮೇಲೆಯೇ.

ಹುಬ್ಬಳ್ಳಿ ಯೆಜ್ಡಿ
ಸೋಮವಾರ ಬೆಳಗ್ಗೆ 9:05

ನಮಸ್ಕಾರ್ರೀ ಎಲ್ಲಾರಿಗೂ. ಘಾಟಿ ಸವಾರರು ಹೇಳಿದ್ದು ಖರೇ ಅದ.

ನಮ್ಮ ಕಡೆ ದಾಂಡೇಲಿ ರಸ್ತಾದಾಗ ಹೋಗೋಮುಂದ ನಾವು ಮಾಡೋದು ಇಷ್ಟ. ಎಲ್ಲಾಕ್ಕಿಂತ ಹಳೇ ಗಾಡಿ ಮೊದಲ. ಅದು ಎಷ್ಟ ಹೋಗತದೋ ಅಷ್ಟ ನಮ್ಮ ಸ್ಪೀಡ್. ಕಡೀಗೆ ಒಬ್ಬ ಗಟ್ಟಿ ಹುಡುಗ, ಅವನ ಹತ್ರ ಟೂಲ್ ಚೀಲ. ಅವನನ್ನ ದಾಟಿ ಯಾರೂ ಹಿಂದ ಉಳಿಯಂಗಿಲ್ಲ. ನಡುವ ಉಳಿದವರು.

ಕೈ ಸನ್ನಿ ಎಲ್ಲಾರಿಗೂ ಕಲಿಸ್ರಿ. ಹಳೇ ಜಾವಾಕ್ಕ ಇಂಡಿಕೇಟರ್ ಇಲ್ಲ. 6 ವೋಲ್ಟಿನ ಬ್ರೇಕ್ ಲೈಟ್ ಬಿಸಲಾಗ ಕಾಣಂಗಿಲ್ಲ. ನಿಲ್ಲೋದಾದ್ರ ಎಡಗೈ ಕೆಳಗ ಬಿಟ್ಟು ಹಿಂದಿನವಗ ಅಂಗೈ ತೋರಸ್ರಿ. ಗುಂಡಿ ಇದ್ರ ಕಾಲು ಚಾಚಿ ತೋರಸ್ರಿ. ಮತ್ತ ಹೊಗಿ. ಎದುರಿನವನ ನೇರ ಹಿಂದ ಹೋದ್ರ ಮುಖದ ಮ್ಯಾಲೆಲ್ಲಾ ಎಣ್ಣಿ ಕೂಡತದ, ಹೆಲ್ಮೆಟ್ ಗಾಜು ಒರಸಿದಷ್ಟು ಮಬ್ಬ ಆಗತದ. ಸ್ವಲ್ಪ ಆಜೂಬಾಜೂ ನಡೀರಿ.

ಸಿಟ್ಟ ಬರೋ ವಿಷಯ ಒಂದ ಹೇಳತೀನಿ. ಸೈಲೆನ್ಸರ್ ಒಳಗ ಸಪ್ಪಳ ತಡಿಯೋ ಬ್ಯಾಫಲ್ ತಗದು ಬರೋ ಹುಡುಗೂರು. ಬೆಳಿಗ್ಗೆ ಐದೂವರಿಗೆ ಒಂದ ಹಳ್ಳಿ ದಾಟಿದಿವಿ, ಕೂಸು ಎತಗೊಂಡ ಒಬ್ಬಾಕಿ ಬಾಗಲಾಗ ಬಂದ ನಿಂತು ನಮ್ಮನ್ನ ನೋಡಿದ ನೋಟ ನನಗ ಇನ್ನೂ ನೆನಪದ. ಆಕಿ ಕೂಸನ್ನ ನಾವು ಎಬ್ಬಿಸಿದ್ವಿ. ಮತ್ತ ಬ್ಯಾಫಲ್ ತಗದ್ರ ಗಾಡಿ ಜೋರಂತೂ ಆಗಂಗಿಲ್ಲ. ಟೂ ಸ್ಟ್ರೋಕಿಗೆ ಸೈಲೆನ್ಸರಿನಿಂದ ವಾಪಸ್ ಬರೋ ಒತ್ತಡ ಬೇಕ, ಅದಿಲ್ಲಂದ್ರ ಕೆಳಗಿನ ಗೇರಿನ್ಯಾಗ ಎಳತ ಹೋಗತದ. ಎರಡೂ ಸೈಲೆನ್ಸರ್ ಸರಿ ಇದ್ದ ಜಾವಾದ ಸಪ್ಪಳದಷ್ಟ ಚಂದ ಬ್ಯಾರೆ ಯಾವ್ದದರೀ?

ಮರೂನ್ ಟ್ಯಾಂಕ್, ಮೈಸೂರು
ಸೋಮವಾರ ಮಧ್ಯಾಹ್ನ 1:30

ಬ್ಯಾಫಲ್ ತೆಗೆದ ಗಾಡಿ ನಮ್ಮ ರೈಡಿಗೆ ಬೇಡ. ಇದನ್ನ ನಾನು ಈಗಲೇ ಹೇಳಿಬಿಡ್ತೀನಿ, ಇದಕ್ಕೆ ಚರ್ಚೆ ಬೇಕಿಲ್ಲ. ಹಳೇ ಗಾಡಿಯೇ ಮುಂದೆ ಅನ್ನೋದು ಮನಸ್ಸಿಗೆ ಹಿಡಿಸ್ತು.

ಅಪ್ಪನ ಗಾಡಿ, ಮಂಡ್ಯ
ಸೋಮವಾರ ಸಂಜೆ 6:45

ನಾನು ನಮ್ಮ ರೈಡಿಗೆ ಬರೋ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು. ಅಪ್ಪನ 1981ರ ಯೆಜ್ಡಿ. ಅಪ್ಪ ಹೋಗಿ ಆರು ವರ್ಷ, ಗಾಡಿ ಮಾರೋ ಮಾತು ಮನೇಲಿ ಬಂದಾಗ ನಾನೇ ಹಟ ಹಿಡಿದು ಇಟ್ಕೊಂಡೆ.

ರೈಡ್ ಅಂದ್ರೆ ಗಾಡಿ ಒಂದೇ ಅಲ್ಲ, ಸೇರೋದೂ ಇದೆ ಅಲ್ವಾ, ಅದರ ಬಗ್ಗೆ ಎರಡು ಮಾತು. ಮೊದಲನೇದು, ನಿಲ್ಲೋ ಜಾಗ. ಬೆಳಗ್ಗೆ ಐದಕ್ಕೆ ಮನೆ ಬಿಟ್ಟೋಳು ಒಂಬತ್ತಕ್ಕೆ ಮೇಲುಕೋಟೆ ಸೇರಿದ್ರೆ ಮಧ್ಯೆ ಟಾಯ್ಲೆಟ್ ಇರೋ ಕಡೆ ಒಂದು ಸಲ ನಿಲ್ಲಲೇಬೇಕು. ಗಂಡಸರು ರಸ್ತೆ ಪಕ್ಕ ನಿಲ್ಲಿಸಿ ಮುಗಿಸ್ಕೋತಾರೆ, ನಾವು ನೀರು ಕುಡಿಯೋದನ್ನೇ ಬಿಟ್ಟು ಬರ್ತೀವಿ. ಇದನ್ನ ಬಾಯಿಬಿಟ್ಟು ಕೇಳೋಕೆ ನನಗೆ ಒಂದೂವರೆ ವರ್ಷ ಬೇಕಾಯ್ತು. ದಾರಿ ಹಾಕುವಾಗಲೇ ಒಂದು ಒಳ್ಳೇ ಹೋಟೆಲೋ ಬಂಕೋ ನೋಡಿ ಇಡಿ.

ಎರಡನೇದು, ಪ್ರತಿ ಸಲ ಯಾರಾದ್ರೂ ಒಬ್ಬರು ಓಡಿ ಬಂದು "ಬಿಡಮ್ಮ, ನಾನು ಕಿಕ್ ಹೊಡೆದು ಕೊಡ್ತೀನಿ" ಅಂತಾರೆ. ಒಳ್ಳೇ ಮನಸ್ಸಿಂದಲೇ ಅಂತಾರೆ, ಗೊತ್ತು. ಆದ್ರೆ ನನಗೆ ಹೊಡೆಯೋಕೆ ಬರುತ್ತೆ. ಅದು ಶಕ್ತಿ ಕೆಲಸ ಅಲ್ಲ. ಲಿವರನ್ನ ಒಳಕ್ಕೆ ಒತ್ತಿ ಮೇಲಕ್ಕೆ ತಿರುವಿ ಕಿಕ್ಕರ್ ಮಾಡ್ಕೋಬೇಕು. ನಿಧಾನಕ್ಕೆ ಒತ್ತಿ ಕಂಪ್ರೆಶನ್ ಕಾಲಿಗೆ ಸಿಗೋ ಜಾಗ ಹುಡುಕಬೇಕು, ಅಲ್ಲಿಂದ ಒಂದೇ ಸಲ ಮೈಭಾರ ಬಿಡಬೇಕು. ಎದ್ದ ಮೇಲೆ ಅದೇ ಲಿವರ್ ಕೆಳಗಿಳಿದು ಗೇರ್ ಆಗುತ್ತೆ. ನನಗೆ ಹನ್ನೆರಡು ವರ್ಷ ಆದಾಗ ಅಪ್ಪ ಗಾಡಿ ಸ್ಟ್ಯಾಂಡ್ ಹಾಕಿ, ನನ್ನ ಪಾದದ ಮೇಲೆ ಅವರ ಕೈ ಇಟ್ಟು "ಇಲ್ಲಿ ಗಟ್ಟಿ ಆಯ್ತಾ? ಇಲ್ಲೇ" ಅಂತ ತೋರಿಸಿದ್ರು. ಆ ಗಟ್ಟಿ ಆಗೋ ಜಾಗ ನನಗೆ ಇವತ್ತಿಗೂ ಅಪ್ಪನ ಕೈ. ಅದನ್ನ ಬೇರೆಯವರಿಗೆ ಬಿಟ್ಟು ಕೊಡೋಕೆ ಆಗಲ್ಲ.

ರೋಡ್‌ಕಿಂಗ್ 88
ಸೋಮವಾರ ಸಂಜೆ 7:10

ಅಕ್ಕ, ಓಡಿ ಬಂದವರಲ್ಲಿ ನಾನೂ ಇದ್ದೆ. ಇನ್ನು ಬರಲ್ಲ. ಪಾಂಡವಪುರದ ದಾರಿಯಲ್ಲಿ ಟಾಯ್ಲೆಟ್ ಇರೋ ಹೋಟೆಲ್ ನೋಡ್ಕೊಂಡು ಬರೋ ಕೆಲಸ ನನಗೆ ಕೊಡಿ, ಶನಿವಾರ ಹೋಗಿ ನೋಡಿ ಬರ್ತೀನಿ.

ಕೆಂಗೇರಿ ಗಾಡಿ
ಸೋಮವಾರ ರಾತ್ರಿ 8:30

ಬೆಂಗಳೂರಿಂದ ನಾವು ಏಳು ಜನ ಜಾವಾ ದಿನಕ್ಕೆ ಮೈಸೂರಿಗೇ ಬರೋಣ ಅಂತಿದ್ದೀವಿ. ದಾರಿ ಬಗ್ಗೆ ಗೊಂದಲ ಇದೆ. ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೇಲಿ 2023ರ ಆಗಸ್ಟ್ 1ರಿಂದ ಬೈಕ್ ಬಿಡಲ್ಲ, ಸರ್ವಿಸ್ ರಸ್ತೇಲೇ ಬರಬೇಕು. ಕೆಲವರು ಕನಕಪುರ, ಮಳವಳ್ಳಿ, ಬನ್ನೂರು ಮೇಲೆ ಬನ್ನಿ ಅಂತಾರೆ. ಹಳೇ ಗಾಡಿಗೆ ಯಾವುದು ವಾಸಿ?

ಪಾಯಿಂಟ್ ಸೆಟ್ಟು
ಸೋಮವಾರ ರಾತ್ರಿ 9:15

ಮಳವಳ್ಳಿ ಮೇಲೆ ಬನ್ನಿ. ಸರ್ವಿಸ್ ರಸ್ತೇಲಿ ಹಂಪು, ಎದುರು ಬರೋ ಗಾಡಿ, ನಿಂತು ನಿಂತು ಹೊರಡೋದು. ನಿಂತು ಹೊರಡೋದೇ ಗಾಡಿಗೆ ಬಿಸಿ, ಕ್ಲಚ್ಚಿಗೂ ಕಷ್ಟ. ಮರದ ನೆರಳಲ್ಲಿ ಒಂದೇ ಹದದಲ್ಲಿ 50ರಲ್ಲಿ ಓಡಿದ್ರೆ ಗಾಡಿ ಉಸಿರಾಡ್ಕೊಂಡು ಬರುತ್ತೆ. 40-45 ಕಿಲೋಮೀಟರಿಗೆ ಒಂದು ಸಲ ಹತ್ತು ನಿಮಿಷ ನಿಲ್ಲಿ.

ಪೆಟ್ರೋಲ್ ಬಗ್ಗೆಯೂ ಹೇಳಿಬಿಡ್ತೀನಿ. ಈಗ ಬಂಕಲ್ಲಿ ಸಿಗೋದು ನೂರಕ್ಕೆ 20 ಭಾಗ ಎಥನಾಲ್ ಇರೋ ಪೆಟ್ರೋಲ್. ಈ ಗಾಡಿಗಳನ್ನ ಮಾಡಿದಾಗ ಅದರ ಯೋಚನೆಯೇ ಇರಲಿಲ್ಲ. ಎಥನಾಲ್ ಗಾಳಿಯಲ್ಲಿರೋ ನೀರು ಎಳೀತದೆ. ಗಾಡಿ ತಿಂಗಳುಗಟ್ಟಲೆ ನಿಂತ್ರೆ ಆ ನೀರು ಬೇರೆಯಾಗಿ ಟ್ಯಾಂಕಿನ ತಳ ಸೇರುತ್ತೆ, ತಳ ತುಕ್ಕು ಹಿಡಿಯುತ್ತೆ. ಹಳೇ ರಬ್ಬರ್ ಪೈಪು ಗಟ್ಟಿಯಾಗಿ ಬಿರುಕು ಬಿಡುತ್ತೆ. ಮೂರು ತಿಂಗಳಲ್ಲಿ ನಾಲ್ಕು ಗಾಡಿ ಇದೇ ಕಾಯಿಲೆಗೆ ನನ್ನ ಹತ್ರ ಬಂದ್ವು. ವಾರಗಟ್ಟಲೆ ನಿಲ್ಲಿಸೋದಾದ್ರೆ ಪೆಟ್ರೋಲ್ ಕಾಕ್ ಮುಚ್ಚಿ, ಗಾಡಿ ತಾನೇ ಆಫ್ ಆಗೋವರೆಗೂ ಓಡಿಸಿ ಕಾರ್ಬುರೇಟರ್ ಖಾಲಿ ಮಾಡಿ. ಬಿಟ್ಟರೆ ಪೆಟ್ರೋಲ್ ಆರಿ ಹೋಗಿ ಆಯಿಲ್ ಒಂದೇ ಉಳಿದು ಪೆಟ್ರೋಲ್ ಹೋಗೋ ಸಣ್ಣ ತೂತು, ಜೆಟ್ಟಲ್ಲಿ, ಗೋಂದಿನ ಥರ ಕೂರುತ್ತೆ. ಪೈಪ್ ವರ್ಷಕ್ಕೊಂದು ಸಲ ಬದಲಾಯಿಸಿ. ಅದಕ್ಕೆ ಖರ್ಚಾಗೋ ದುಡ್ಡು ಗಾಡಿಗೆ ಬೆಂಕಿ ಹತ್ತೋದಕ್ಕಿಂತ ಹೆಚ್ಚೇನಲ್ಲ.

ಆರ್‌ಸಿ ವಿಚಾರ, ತುಮಕೂರು
ಮಂಗಳವಾರ ಬೆಳಗ್ಗೆ 8:00

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಮೇಲುಕೋಟೇಲಿ ಇಬ್ಬರು ವಿಂಟೇಜ್ ನೋಂದಣಿ ಬಗ್ಗೆ ಕೇಳಿದ್ರು, ಇಲ್ಲಿ ಬರೆದರೆ ಎಲ್ಲರಿಗೂ ಸಿಗುತ್ತೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಬಂತು. ಮೊದಲ ನೋಂದಣಿ ಆಗಿ 50 ವರ್ಷ ದಾಟಿದ, ಮೂಲ ರೂಪ ಹೆಚ್ಚು ಬದಲಾಗದ ಬೈಕು, ಕಾರುಗಳನ್ನ ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ಊರ್ಜಿತ, ಆಮೇಲೆ ಮರುನೋಂದಣಿಗೆ 5,000. ಹೊಸದಾಗಿ ನೋಂದಾಯಿಸಿದ್ರೆ ನಂಬರಲ್ಲಿ ರಾಜ್ಯದ ಅಕ್ಷರ ಆದಮೇಲೆ ವಿಎ ಅಂತ ಬರುತ್ತೆ. ಈಗಾಗಲೇ ನೋಂದಣಿ ಇರೋ ಗಾಡಿ ತನ್ನ ಹಳೇ ನಂಬರನ್ನೇ ಉಳಿಸ್ಕೋಬಹುದು. ಹಳೇ ಮೈಸೂರು ರಾಜ್ಯದ ಎಂವೈ ನಂಬರ್ ಪ್ಲೇಟ್ ಹೋಗಿಬಿಡುತ್ತೆ ಅಂತ ಹೆದರಿದ್ದೋರಿಗೆ ಇದು ಸಮಾಧಾನ.

ಆದ್ರೆ ವಿಂಟೇಜ್ ಅಂತ ಮಾಡಿಸಿದ ಮೇಲೆ ದಿನಾ ಓಡಿಸೋ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕೆ ಮಾತ್ರ. ಆರ್‌ಸಿ ಚಾಲ್ತಿಯಲ್ಲಿದ್ದು ಗಾಡಿಯಲ್ಲಿ ಹಾಲು ತರಕಾರಿ ತರೋರು ಐದು ವರ್ಷಕ್ಕೊಮ್ಮೆ ಮಾಮೂಲು ನವೀಕರಣವನ್ನೇ ಮಾಡಿಸ್ಕೊಳ್ಳಿ ಅಂತ ನನ್ನ ಸಲಹೆ. ಓಡಾಡೋ ಗಾಡಿಯನ್ನ ನಾವೇ ಕೈಯಾರೆ ಪ್ರದರ್ಶನದ ಗೊಂಬೆ ಮಾಡೋದು ಬೇಡ.

ಯಾದವಗಿರಿ ಹಳಬ
ಮಂಗಳವಾರ ಸಂಜೆ 5:50

ಮಕ್ಕಳೇ, ಎಲ್ಲವನ್ನೂ ಮೊಮ್ಮಗಳು ಓದಿ ಹೇಳಿದಳು. ಇದನ್ನೂ ಅವಳೇ ಟೈಪ್ ಮಾಡುತ್ತಿದ್ದಾಳೆ.

ನನಗೋಸ್ಕರ ಇಷ್ಟು ಜನ ಬೇಜಾರು ಮಾಡಿಕೊಂಡಿದ್ದೀರಿ. ಅಷ್ಟೇನೂ ಆಗಿಲ್ಲ. ಮರ ಇತ್ತು, ನೆರಳಿತ್ತು, ಎಮ್ಮೆ ಹೊಡೆದುಕೊಂಡು ಬಂದ ಒಬ್ಬಾತ ಅರ್ಧ ಗಂಟೆ ಜೊತೆಗೇ ಕೂತಿದ್ದ. ಅವರ ಮಾವನ ಹತ್ತಿರ ಜಾವಾ ಇತ್ತಂತೆ, ಮದುವೆಯಲ್ಲಿ ಕೊಟ್ಟಿದ್ದಂತೆ. ಇಡೀ ಊರಲ್ಲಿ ಅದೊಂದೇ ಗಾಡಿ, ಹೆರಿಗೆಗೂ ಅದೇ, ಹಾವು ಕಚ್ಚಿದರೂ ಅದೇ ಅಂದ. ನನಗೆ ಅದನ್ನು ಕೇಳಿ ತುಂಬಾ ಸಂತೋಷವಾಯಿತು.

ಆದರೆ ಮರೆಮಾಚದೆ ಹೇಳುತ್ತೇನೆ, ನಿಮ್ಮ ಗಾಡಿಗಳ ಸದ್ದು ದೂರವಾಗಿ ನಿಂತು ಹೋದಾಗ ಮನಸ್ಸು ಒಂದು ಕ್ಷಣ ಖಾಲಿಯಾಯಿತು. ನಾನು ಇಲ್ಲಿನ ಜಾವಾ ಫ್ಯಾಕ್ಟರಿ ಸೇರಿದ್ದು 1971ರಲ್ಲಿ, ಗಾಡಿ ಜೋಡಿಸುವ ಅಸೆಂಬ್ಲಿಗೆ. ಗಾಡಿ ತಯಾರಾಗಲು ಶುರುವಾಗಿ ಆಗಲೇ ಹತ್ತು ವರ್ಷವಾಗಿತ್ತು. ನಾನಿದ್ದಾಗಲೇ, 1973ರಲ್ಲಿ, ಟ್ಯಾಂಕಿನ ಮೇಲಿನ ಜಾವಾ ಹೋಗಿ ಯೆಜ್ಡಿ ಬಂತು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಶಿಫ್ಟ್ ಮುಗಿದಾಗ ಗೇಟಿನಿಂದ ಒಂದೇ ಸಲ ನೂರಾರು ಗಾಡಿ ಹೊರಡುತ್ತಿತ್ತು, ಕೆ.ಆರ್.ಎಸ್. ರಸ್ತೆ ತುಂಬಾ ನೀಲಿ ಹೊಗೆ. ಮುಚ್ಚಿದ ಮೇಲೆ ಆ ಹೊತ್ತಿಗೆ ಮನೆಯಲ್ಲಿ ಕೂರುವುದೇ ಕಷ್ಟವಾಗಿತ್ತು. ನೀವು ಭಾನುವಾರ ಸೇರಲು ಶುರು ಮಾಡಿದ ಮೇಲೆ ನನಗೆ ಆ ಸದ್ದು ವಾಪಸ್ ಸಿಕ್ಕಿತು. ಅದಕ್ಕೇ ಬರುತ್ತೇನೆ.

ನನ್ನದೊಂದು ಸಣ್ಣ ಸೂಚನೆ. ಮುಂದೆ ಯಾರು, ಹಿಂದೆ ಯಾರು ಅನ್ನುವುದು ಸರಿಯೇ. ಅದಕ್ಕಿಂತ ಸುಲಭವಾದದ್ದು ಒಂದಿದೆ. ಪ್ರತಿಯೊಬ್ಬರೂ ತಮ್ಮ ಹಿಂದಿನ ಒಂದು ಗಾಡಿಯನ್ನು ನೋಡಿಕೊಳ್ಳಲಿ, ಒಂದೇ ಒಂದು. ತಿರುವು ಬಂದರೆ, ಆ ಗಾಡಿ ಕಣ್ಣಿಗೆ ಕಾಣುವವರೆಗೆ ನಿಂತು ಆಮೇಲೆ ತಿರುಗಲಿ. ಹಿಂದಿನದು ಕಾಣಲಿಲ್ಲವೆಂದರೆ ನೀವು ನಿಲ್ಲುತ್ತೀರಿ, ನೀವು ನಿಂತರೆ ನಿಮ್ಮ ಮುಂದಿನವನೂ ನಿಲ್ಲುತ್ತಾನೆ. ಹೀಗೆ ಸುದ್ದಿ ತಾನಾಗಿಯೇ ಮುಂದಕ್ಕೆ ಹೋಗುತ್ತದೆ, ಫೋನು ಬೇಕಿಲ್ಲ.

ಇನ್ನು, ಕ್ಲಚ್ ಕೇಬಲ್ ತುಂಡಾದರೆ ಗಾಡಿ ತಳ್ಳಿಕೊಂಡು ಬರುವ ಹುಡುಗರನ್ನು ನೋಡಿದ್ದೇನೆ. ತಳ್ಳಬೇಡಿ. ಈ ಗಾಡಿಯಲ್ಲಿ ಗೇರ್ ಲಿವರ್ ಒತ್ತಿದರೆ ಅದೇ ಕ್ಲಚ್ಚನ್ನೂ ಬಿಡಿಸುತ್ತದೆ. ಲಿವರನ್ನು ಒತ್ತಿ ಹಿಡಿದು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಪಾದವನ್ನು ನಿಧಾನವಾಗಿ ಬಿಡುತ್ತಾ ಬಂದರೆ ಗಾಡಿ ಹೊರಡುತ್ತದೆ. ಮನೆವರೆಗೂ ಹಾಗೆಯೇ ಬರಬಹುದು. ಜಾವಾ ದಿನ ಬೆಳಗ್ಗೆ ಅರ್ಧ ಗಂಟೆ ಮುಂಚೆ ಬಂದವರಿಗೆ ತೋರಿಸುತ್ತೇನೆ.

ಮತ್ತೆ, ಮೇಲುಕೋಟೆಗೇ ಹೋಗೋಣ. ನನ್ನ ಪುಳಿಯೋಗರೆ ಬಾಕಿ ಇದೆ.

ರೋಡ್‌ಕಿಂಗ್ 88
ಮಂಗಳವಾರ ರಾತ್ರಿ 8:05

ಅಪ್ಪಾಜಿ, ನಿಮ್ಮ ಹಿಂದಿನ ಗಾಡಿ ನಾನು.

ಹುಬ್ಬಳ್ಳಿ ಯೆಜ್ಡಿ
ಮಂಗಳವಾರ ರಾತ್ರಿ 9:30

ಹಿರಿಯರ ಮಾತು ಓದಿ ಕಣ್ಣಾಗ ನೀರು ಬಂತರೀ. ನಾವೂ ನಾಲ್ಕು ಗಾಡಿ ಟೆಂಪೋದಾಗ ಹಾಕ್ಕೊಂಡು ಶನಿವಾರನ ಬರತೇವಿ.

ಒಂದ ಕೇಳಬೇಕಿತ್ತು. ನಮ್ಮ ಕಡೆ ಕೂಟದಾಗ ಪಾರ್ಟ್ಸ್ ಅದಲು ಬದಲು ಇರತದ. ಟ್ಯಾಂಕಿನ ಬ್ಯಾಡ್ಜ್, ಮೊಣಕಾಲ ರಬ್ಬರ್, ಜಿಕಾವ್ ಕಾರ್ಬುರೇಟರ್, ಏನೇನ ಹೆಚ್ಚಿಗಿ ಅದಾವೋ ಎಲ್ಲಾ ಚಾಪಿ ಮ್ಯಾಲೆ ಹರವೋದು. ನಮ್ಮದೊಂದು ಕಟ್ಟಳಿ ಅದ: ತಗೊಂಡ ಬೆಲಿಗೇ ಕೊಡಬೇಕು, ಲಾಭ ಇಲ್ಲ. ಲಾಭಕ್ಕ ಮಾರೋರಿಗೆ ಬಜಾರ ಅದ. ಹೊಸದಾಗಿ ಗಾಡಿ ಕಟ್ಟೋ ಕಾಲೇಜ್ ಹುಡುಗ ಒಂದ ಬ್ಯಾಡ್ಜಿಗೆ ತಿಂಗಳ ಪಾಕೀಟ್‌ಮನಿ ಸುರಿಯೋದು ನೋಡಲಿಕ್ಕೆ ಆಗಂಗಿಲ್ಲ. ಮೈಸೂರಾಗೂ ಹಿಂಗ ಮಾಡೂಣೇನು?

ಮರೂನ್ ಟ್ಯಾಂಕ್, ಮೈಸೂರು
ಬುಧವಾರ ಬೆಳಗ್ಗೆ 7:15

ಖಂಡಿತ ಮಾಡೋಣ. ಚಾಪೆ ನಾನು ತರ್ತೀನಿ.

ಎಲ್ಲರ ಮಾತನ್ನೂ ಒಟ್ಟಿಗೆ ಇಟ್ಟು ನೋಡಿದೆ. ಹಿರಿಯರ ಜಾವಾ ಮುಂದೆ, ಅವರ ಹದವೇ ಎಲ್ಲರ ಹದ. ಅವರ ಹಿಂದೆ ನಮ್ಮ ರೋಡ್‌ಕಿಂಗ್ ಹುಡುಗ. ಕೊನೇಲಿ ಪಾಯಿಂಟ್ ಸೆಟ್ಟು ಅಣ್ಣ, ಟೂಲ್ ಚೀಲದ ಜೊತೆ. ಹೊಸ ಜಾವಾ ತರೋರು ಅಣ್ಣನಿಗಿಂತ ಸ್ವಲ್ಪ ಮುಂದೆ, ಹಳೇ ಗಾಡಿಗಳಿಗೆ ಹಿಂದೆ. ಪ್ರತಿಯೊಬ್ಬರೂ ಅವರವರ ಹಿಂದಿನ ಗಾಡಿಗೆ ಜವಾಬ್ದಾರರು. ನಿಮ್ಮ ಹತ್ರ ಎರಡು ಪ್ಲಗ್, ಒಂದು ಕಂಡೆನ್ಸರ್, ಒಂದು ಕ್ಲಚ್ ಕೇಬಲ್, ಚೈನ್ ಲಾಕ್ ಇರಲಿ. ಅಣ್ಣನಿಗೆ ಅವತ್ತಿನ ಪೆಟ್ರೋಲ್ ಮತ್ತು ದಿನದ ಕೂಲಿ ನಾವೆಲ್ಲ ಸೇರಿ ಕೊಡಬೇಕು, ಇದನ್ನ ನಾನು ಒತ್ತಿ ಹೇಳ್ತೀನಿ. ಅವರು ಅಂಗಡಿ ಮುಚ್ಚಿ ನಮಗೋಸ್ಕರ ಬರೋದು. "ನಮ್ಮವರೇ ಅಲ್ವಾ" ಅಂತ ಇಷ್ಟು ವರ್ಷ ಒಂದು ರೂಪಾಯಿ ಕೊಡದೆ ಕೆಲಸ ಮಾಡಿಸ್ಕೊಂಡಿದ್ದೀವಿ, ಅದು ತಪ್ಪು.

ಮಳೆ ಬಂದರೂ ಹೊರಡೋದೇ. ಡೈನಮೋ ಕವರ್ ಸಂದಿಗೆ ಗ್ರೀಸ್ ಹಚ್ಚಿ ಬನ್ನಿ, ಪಾಯಿಂಟಿಗೆ ನೀರು ಇಳಿಯದ ಹಾಗೆ.

ಕೊಟ್ಟಿಗೆ ಗಾಡಿ, ಕೆ.ಆರ್. ಪೇಟೆ
ಬುಧವಾರ ರಾತ್ರಿ 10:40

ನಮಸ್ತೆ ಸರ್. ನಾನು ಇಲ್ಲಿ ಹೊಸಬ, ನಾಲ್ಕು ದಿನದಿಂದ ಸುಮ್ಮನೆ ಓದ್ತಾ ಇದ್ದೆ. ನಮ್ಮ ತಾತನ ಗಾಡಿ ಕೊಟ್ಟಿಗೇಲಿ ಇದೆ, ಹುಲ್ಲಿನ ಹಿಂದೆ. ಟ್ಯಾಂಕ್ ಮೇಲೆ ಯೆಜ್ಡಿ ಅಂತ ಓದೋಕೆ ಆಗುತ್ತೆ, ಬಣ್ಣ ಏನೂ ಉಳಿದಿಲ್ಲ. 20 ವರ್ಷದಿಂದ ಸ್ಟಾರ್ಟ್ ಆಗಿಲ್ಲ. ಕಿಕ್ಕರ್ ಒತ್ತಿದ್ರೆ ಎಂಜಿನ್ ತಿರುಗುತ್ತೆ, ಅಷ್ಟೇ ಗೊತ್ತು. ರಿಪೇರಿಗೆ ಈಗ ನನ್ನ ಹತ್ರ ದುಡ್ಡಿಲ್ಲ. ಗಾಡಿ ಇಲ್ಲದೆ ಜಾವಾ ದಿನಕ್ಕೆ ಬರಬಹುದಾ? ಬಸ್ಸಲ್ಲಿ ಬಂದು ನೋಡ್ಕೊಂಡು ಹೋಗ್ತೀನಿ.

ಪಾಯಿಂಟ್ ಸೆಟ್ಟು
ಬುಧವಾರ ರಾತ್ರಿ 10:55

ಎಂಜಿನ್ ತಿರುಗುತ್ತೆ ಅಂದ್ಯಲ್ಲ, ಅಷ್ಟು ಸಾಕು. ಇನ್ನು ಮುಂದೆ ಸುಮ್ಮಸುಮ್ಮನೆ ತಿರುಗಿಸಬೇಡ, ಒಳಗೆ ತುಕ್ಕಿದ್ರೆ ಸಿಲಿಂಡರ್ ಗೀಚುತ್ತೆ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಎರಡು ಚಮಚ 2ಟಿ ಆಯಿಲ್ ಬಿಟ್ಟು, ಪ್ಲಗ್ ಮತ್ತೆ ಹಾಕಿ ಹಾಗೇ ಬಿಡು.

ಅಪ್ಪನ ಗಾಡಿ, ಮಂಡ್ಯ
ಗುರುವಾರ ಬೆಳಗ್ಗೆ 6:30

ಹುಲ್ಲನ್ನ ಮಾತ್ರ ಅದರ ಮೇಲಿಂದ ಇವತ್ತೇ ತೆಗೆದುಬಿಡಿ. ಹುಲ್ಲು ತೇವ ಹಿಡಿಯುತ್ತೆ, ಇಲಿ ವೈರ್ ಕಡಿಯುತ್ತೆ.

ಯಾದವಗಿರಿ ಹಳಬ
ಗುರುವಾರ ಬೆಳಗ್ಗೆ 9:20

ಮಗೂ, ಬಸ್ಸಿನಲ್ಲಿ ಮೈಸೂರಿಗೆ ಬಾ. ಯಾದವಗಿರಿಯಿಂದ ನನ್ನ ಹಿಂದಿನ ಸೀಟು ಖಾಲಿ ಇದೆ. ಮೇಲುಕೋಟೆವರೆಗೆ ಕೂತು ಬಾ. ಬರುವಾಗ ಆ ಗಾಡಿಯ ಕಾರ್ಬುರೇಟರ್ ಬಿಚ್ಚಿ ಒಂದು ಕವರಿನಲ್ಲಿ ಹಾಕಿಕೊಂಡು ಬಾ. ಬಿಚ್ಚುವಾಗ ಸಣ್ಣ ವಾಷರ್ ಕೆಳಗೆ ಬೀಳುತ್ತದೆ, ಹಳೇ ಪಂಚೆಯೊಂದನ್ನು ಕೆಳಗೆ ಹಾಸಿಕೋ.